ಇಪ್ಪತ್ತೊಂದು ಎಣಿಸಿದ ಮೇಲೂ ಉಳಿದ ಪ್ರಶ್ನೆ: ದಾವಣಗೆರೆ ತಾಲ್ಲೂಕಿನ ಒಂದು ಮೇವಿನ ತಾಕು

ಹಿನ್ನೆಲೆ

ದಾವಣಗೆರೆ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ಕೊನೆ ಭಾಗದ ಒಂದು ಹಳ್ಳಿ. ಊರು, ಸಂಘ, ನರ್ಸರಿ, ಕಾಲೇಜು ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದೆ. ನೀರು ಹತ್ತುವ ಕಡೆ ಭತ್ತ, ಹತ್ತದ ಕಡೆ ಮೆಕ್ಕೆಜೋಳ. ಒಣಹುಲ್ಲಿಗೆ ಅಲ್ಲಿ ಕೊರತೆಯಿಲ್ಲ, ಹಸಿಮೇವಿಗೆ ಮಾತ್ರ ಜನವರಿಯಿಂದಲೇ ಪರದಾಟ. ಡೈರಿಗೆ ಹಾಲು ಹಾಕುವ ಮೂವತ್ತು ಚಿಲ್ಲರೆ ಮನೆಯವರು ಸೇರಿ ಎರಡು ಎಕರೆ ಗುತ್ತಿಗೆ ಹಿಡಿದರು. ಒಂದು ಖಾಸಗಿ ನರ್ಸರಿಯಿಂದ ಸಜ್ಜೆ-ನೇಪಿಯರ್ ಹೈಬ್ರಿಡ್ ಹುಲ್ಲಿನ ಕಡ್ಡಿ ತಂದು, ಎರಡೆರಡು ಗಿಣ್ಣಿನ ತುಂಡು ಮಾಡಿ, 60 ಸೆಂ.ಮೀ. ಸಾಲಿಗೆ 50 ಸೆಂ.ಮೀ. ಅಂತರದಲ್ಲಿ ನೆಟ್ಟರು. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 13,500 ತುಂಡು ಬೇಕು. ಮೊದಲ ಕಟಾವು 75-80 ದಿನಕ್ಕೆ, ಆಮೇಲೆ 45 ದಿನಕ್ಕೊಂದು.

ಮೊದಲ ವರ್ಷ ದೂರಿಲ್ಲ. ಎರಡನೇ ವರ್ಷ ಸದಸ್ಯರು ತಾಕಿನಿಂದ ಕಡ್ಡಿ ಒಯ್ದು ತಮ್ಮ ತಮ್ಮ ಬದುಗಳಲ್ಲಿ ನೆಟ್ಟುಕೊಂಡರು. ಜಗಳೂರು, ಚಳ್ಳಕೆರೆ ಕಡೆಯ ನೆಂಟರಿಗೂ ಕಟ್ಟು ಕಟ್ಟಿ ಕಳಿಸಿದರು. ಸತ್ತ ಬುಡಗಳ ಜಾಗಕ್ಕೂ ಅದೇ ತಾಕಿನ ಕಡ್ಡಿ.

ಸಮಸ್ಯೆ

ಮೂರನೇ ವರ್ಷದ ಹೊತ್ತಿಗೆ ತಾಕಿನಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಬೇರೆ ಹುಲ್ಲು ಕಾಣತೊಡಗಿತು. ಕಾಂಡ ಗಟ್ಟಿ, ಎಲೆ ಗಿಡ್ಡ, ಎಲೆಯ ಬುಡದಲ್ಲೂ ಗಿಣ್ಣಿನ ಸುತ್ತಲೂ ಸುಂಕು. ಕೊಯ್ಯುವ ಹೆಂಗಸರ ಮೊಣಕೈ ತನಕ ಕೆಂಪಗೆ ಕಡಿತ. ಗೋದಲಿಯಲ್ಲಿ ಬೆಳಿಗ್ಗೆ ನೋಡಿದರೆ ಕಾಂಡದ ತುಂಡು ಹಾಗೇ ಉಳಿದಿರುತ್ತಿತ್ತು. ನವೆಂಬರಿನಲ್ಲಿ ಆ ತೇಪೆಗಳೇ ಮೊದಲು ತೆನೆ ಹಾಕಿದವು. ನಾಲೆಯ ಏರಿಯ ಮೇಲೆ ಯಾರೂ ನೆಡದ ಹುಲ್ಲು ಎದ್ದಿತ್ತು.

ಊರಿನ ಹಿರಿಯ ರೈತರೊಬ್ಬರ ತೀರ್ಮಾನ ಒಂದೇ ಮಾತಿನದು: "ಹೈಬ್ರಿಡ್ ಅಲ್ಲೇನ್ರಿ, ಮೂರು ವರ್ಷಕ್ಕ ತಳಿ ಒಡೀತು ಬಿಡ್ರಿ." ಮೆಕ್ಕೆಜೋಳದಲ್ಲಿ ಅವರು ಕಂಡದ್ದು ಅದನ್ನೇ. ಹೈಬ್ರಿಡ್ ಬೀಜದ ಬೆಳೆಯಿಂದ ಕಾಳು ಉಳಿಸಿ ಬಿತ್ತಿದರೆ ಮುಂದಿನ ಬೆಳೆ ಎತ್ತರ-ಗಿಡ್ಡ ಕಲಸುಮೇಲೋಗರವಾಗುತ್ತದೆ. ನರ್ಸರಿಯವರು ಗೊಬ್ಬರ ಸಾಲದೆ ಹೀಗಾಗಿದೆ ಎಂದರು. ಸಂಘದ ಕಾರ್ಯದರ್ಶಿಗೆ ಕಡ್ಡಿಯೇ ಮೊದಲಿನಿಂದ ಬೆರಕೆ ಎಂಬ ಗುಮಾನಿ. ಹೀಗೆ ಮೂರು ವಾದಗಳು, ಮೂರಕ್ಕೂ ಬೇರೆ ಬೇರೆ ಖರ್ಚು. ತಳಿ ಒಡೆದಿದ್ದರೆ ಎರಡೂ ಎಕರೆ ಕಿತ್ತು ಹೊಸದು ನೆಡಬೇಕು, ಗೊಬ್ಬರದ ಕೊರತೆಯಾದರೆ ಯೂರಿಯಾ ಸಾಕು, ಬೆರಕೆಯಾದರೆ ಆರಿಸಿ ಕೀಳಬೇಕು.

ಹುಲ್ಲಿನ ಒಳಗಿನ ಲೆಕ್ಕ

ಹಿರಿಯರ ವಾದ ಈ ಹುಲ್ಲಿಗೆ ಏಕೆ ಹೊಂದುವುದಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸಜ್ಜೆಯ ಜೀವಕೋಶದಲ್ಲಿ 14 ವರ್ಣತಂತು (ಕ್ರೋಮೋಸೋಮ್): ಏಳರ ಎರಡು ಸೆಟ್, ಎರಡೂ ಒಂದೇ ಬಗೆ, ಅದನ್ನು ಎ ಎನ್ನುತ್ತಾರೆ. ನೇಪಿಯರ್ ಅಥವಾ ಆನೆಹುಲ್ಲಿನಲ್ಲಿ 28: ಏಳರ ನಾಲ್ಕು ಸೆಟ್. ಅದರಲ್ಲಿ ಎರಡು ಸೆಟ್ ಸಜ್ಜೆಯ ಎ ಸೆಟ್ಟಿಗೆ ಹತ್ತಿರದ ಸಂಬಂಧಿ, ಉಳಿದೆರಡು ಬಿ ಎಂಬ ಬೇರೆಯೇ ಬಗೆ. ಎರಡನ್ನೂ ಕೂಡಿಸಿದರೆ ಸಜ್ಜೆಯಿಂದ 7, ನೇಪಿಯರಿನಿಂದ 14, ಒಟ್ಟು 21. ಈ ಮೂರು ಸೆಟ್ಟಿನ ಗಿಡ ಹೂ ಬಿಟ್ಟು ಪರಾಗ ಕಟ್ಟಲು ಹೊರಟಾಗ ಸಜ್ಜೆಯ ಏಳು ತಂತುಗಳು ನೇಪಿಯರಿನ ಸಂಬಂಧಿ ಏಳರೊಂದಿಗೆ ಜೋಡಿಯಾಗುತ್ತವೆ. ಬಿ ಸೆಟ್ಟಿನ ಏಳಕ್ಕೆ ಜೋಡಿಯಿಲ್ಲ. ಅವು ಅತ್ತಿತ್ತ ಚೆಲ್ಲಾಪಿಲ್ಲಿ ಹಂಚಿಹೋಗಿ ಪರಾಗ ಜೊಳ್ಳಾಗುತ್ತದೆ, ಬೀಜ ಕಟ್ಟುವುದಿಲ್ಲ.

ಬೀಜವೇ ಇಲ್ಲವೆಂದ ಮೇಲೆ ತಳಿ ಒಡೆಯಲು ದಾರಿಯಿಲ್ಲ. ಕಡ್ಡಿಯಿಂದ ಬಂದ ಬುಡ ತಾಯಿಬುಡದ ಪಡಿಯಚ್ಚು, ಮೂರು ವರ್ಷವಾದರೂ, ಮೂವತ್ತು ವರ್ಷವಾದರೂ. ಅಪರೂಪಕ್ಕೊಂದು ಗಿಣ್ಣಿನ ಕಣ್ಣಿನಲ್ಲಿ ರೂಪಾಂತರವಾಗಬಹುದು, ಆದರೆ ಹತ್ತಾರು ಕಡೆ ಒಂದೇ ತರಹದ ಒರಟು ಹುಲ್ಲು ಅದರಿಂದ ಬರದು. (ಪೊಟ್ಟಣದಲ್ಲಿ "ಸೂಪರ್ ನೇಪಿಯರ್ ಹೈಬ್ರಿಡ್ ಬೀಜ" ಎಂದು ಮಾರುವುದನ್ನು ಕಂಡವರು ಇದೇ ಲೆಕ್ಕ ಹಾಕಿ ನೋಡಲಿ. 21ರ ಗಿಡ ಬೀಜ ಕೊಡುವುದಿಲ್ಲ. ಒಳಗಿರುವುದು ಬೇರೆ ಏನೋ. ಸಿಒಎಫ್‌ಎಸ್-29ರಂಥ ಬಹುಕಟಾವಿನ ಮೇವಿನ ಜೋಳ ಬೀಜದಿಂದಲೇ ಬೆಳೆಯುತ್ತದೆ, ಅದನ್ನು ಅದರ ಹೆಸರಿನಲ್ಲೇ ಕೊಳ್ಳುವುದು ಮೇಲು.)

ಗೊಬ್ಬರದ ಪರೀಕ್ಷೆ

ಮೊದಲು ಅಗ್ಗದ ವಾದವನ್ನೇ ಪರೀಕ್ಷಿಸಿದರು. ಕಟಾವಾದ ಮರುದಿನ ಎರಡು ಪಟ್ಟಿಗೆ ಎಕರೆಗೆ 65 ಕೆ.ಜಿ. ಯೂರಿಯಾ ಲೆಕ್ಕದಲ್ಲಿ ಹಾಕಿ ನೀರು ಬಿಟ್ಟರು. ಅಂದರೆ ಸುಮಾರು 30 ಕೆ.ಜಿ. ಸಾರಜನಕ, ಈ ಹುಲ್ಲಿಗೆ ಪ್ರತಿ ಕಟಾವಿನ ನಂತರ ಹೇಳುವ ಪ್ರಮಾಣ. ಮತ್ತೆರಡು ಪಟ್ಟಿ ಬರಿದೇ ಬಿಟ್ಟರು. 45 ದಿನಕ್ಕೆ ಗೊಬ್ಬರದ ಪಟ್ಟಿ ಎತ್ತರವಾಗಿ, ಕಡು ಹಸಿರಾಗಿ ಬಂತು. ಒರಟು ಬುಡಗಳೂ ಎತ್ತರವಾದವು. ಆದರೆ ಸುಂಕು ಸುಂಕಾಗಿಯೇ ಇತ್ತು, ನಯವಾದ ಬುಡಗಳ ಪಕ್ಕದಲ್ಲಿ ಇನ್ನೂ ಎದ್ದು ಕಂಡಿತು. ಗೊಬ್ಬರ ಗಿಡದ ಗಾತ್ರ ಬದಲಿಸೀತು, ಗಿಣ್ಣಿನ ಮೇಲಿನ ರೋಮವನ್ನಲ್ಲ. ಒಂದೂವರೆ ತಿಂಗಳು ಇದಕ್ಕೆ ಹೋಯಿತು. ಒಂದೇ ಸಾಲಿನಲ್ಲಿ, ಒಂದೇ ನೀರಿನಲ್ಲಿ, ಅಕ್ಕಪಕ್ಕದ ಬುಡಗಳು ಬೇರೆ ಬೇರೆ ಕಾಣುತ್ತಿದ್ದಾಗಲೇ ಈ ವಾದವನ್ನು ಕೈಬಿಡಬಹುದಿತ್ತು.

ಪರಾಗ ಪರೀಕ್ಷೆ

ಹತ್ತಿರದ ಒಂದು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯ ಕೈಜೋಡಿಸಿದ್ದು ಇಲ್ಲಿಂದ. 24 ಬುಡಗಳಿಗೆ ನಂಬರ್ ಕಟ್ಟಿದರು: 12 ಕಣ್ಣಿಗೆ ನಯ, 12 ಒರಟು. ವರ್ಣತಂತು ಎಣಿಸುವ ಮೊದಲು ಪರಾಗ ನೋಡೋಣ ಎಂಬ ನಿರ್ಧಾರ ಒಳ್ಳೆಯದಾಗಿತ್ತು, ಏಕೆಂದರೆ ಅದಕ್ಕೆ ಬೇಕಾದ್ದು ಒಂದು ಮೈಕ್ರೋಸ್ಕೋಪು, ಶೇ. 1ರ ಅಸಿಟೋಕಾರ್ಮೈನ್ ಬಣ್ಣ, ಹತ್ತು ನಿಮಿಷ.

ಬೆಳಿಗ್ಗೆ ಆರೂವರೆಯೊಳಗೆ, ಹೊರಬಂದಿದ್ದರೂ ಇನ್ನೂ ಬಿರಿಯದ ಪರಾಗಕೋಶಗಳನ್ನು ಚಿಮಟದಿಂದ ತೆಗೆದು ಸ್ಲೈಡಿನ ಮೇಲೆ ಬಣ್ಣದ ಹನಿಯಲ್ಲಿ ಅರೆದು, ಸಿಪ್ಪೆ ಎತ್ತಿ, ಕವರ್ ಗ್ಲಾಸ್ ಮುಚ್ಚಿ ಐದು ನಿಮಿಷ ಬಿಡುವುದು. 200 ಕಣ ಎಣಿಸುವುದು. ತುಂಬಿದ ಕಣ ದುಂಡಗೆ ಕೆಂಪಗೆ ಕಾಣುತ್ತದೆ. ಜೊಳ್ಳು ಮುದುಡಿ, ಗಾಜಿನ ಚೂರಿನಂತೆ ಬಣ್ಣಗೆಟ್ಟಿರುತ್ತದೆ. ಮಧ್ಯಾಹ್ನ ತಂದ ತೆನೆಗಳಲ್ಲಿ ಕೋಶ ಬಿರಿದು ಪರಾಗ ಗಾಳಿಗೆ ಹೋಗಿರುವುದರಿಂದ ಎಣಿಕೆ ದಾರಿ ತಪ್ಪಿಸುತ್ತದೆ. ಪಕ್ಕದ ಗಿಡದ ಪರಾಗ ಅಂಟಿಕೊಂಡಿರುವುದೂ ಉಂಟು. ಬಣ್ಣ ಹತ್ತಿದ್ದೆಲ್ಲ ಜೀವಂತ ಪರಾಗವೆಂದಲ್ಲ, ಆದರೆ ಮುಕ್ಕಾಲು ಪಾಲು ಜೊಳ್ಳಿದ್ದರೆ ಆ ಗಿಡ ಬೀಜದ ಗಿಡವಲ್ಲ ಎನ್ನಲು ಸಾಕು.

ನಯವಾದ 12ರಲ್ಲಿ ತೆನೆ ಬಂದದ್ದು ಐದಕ್ಕೆ, ಐದರಲ್ಲೂ ಬಹುಪಾಲು ಜೊಳ್ಳು. ಒರಟು 12ರಲ್ಲಿ ಒಂಬತ್ತು ತೆನೆ ಹಾಕಿದ್ದವು. ಎಂಟರಲ್ಲಿ ಪರಾಗ ತುಂಬಿ ತುಳುಕುತ್ತಿತ್ತು. ಒಂಬತ್ತನೆಯದು, ನಂಬರ್ 19, ಜೊಳ್ಳು. ಅದನ್ನು ಕಂಡವರು ಸ್ಲೈಡ್ ಸರಿ ಬಂದಿಲ್ಲವೆಂದು ಪಕ್ಕಕ್ಕಿಟ್ಟರು. ಇಡೀ ಪ್ರಕರಣದ ಉತ್ತರ ಆ ಸ್ಲೈಡಿನಲ್ಲೇ ಇತ್ತು. ಎಂಟು ಒಂದು ಕಡೆ ವಾಲಿದಾಗ ಒಂಬತ್ತನೆಯದನ್ನು ತಪ್ಪೆಂದುಕೊಳ್ಳುವುದು ಯಾರಿಗಾದರೂ ಸಹಜ.

ಬೇರಿನ ತುದಿ

ತೆನೆ ಬಾರದ ಬುಡಗಳಿಗೆ ಬೇರು ನೋಡದೆ ವಿಧಿಯಿಲ್ಲ. ಇದರ ಮೊದಲ ಸುತ್ತು ಪೂರ್ತಿ ಹಾಳಾಯಿತು. ಕಾರಣಗಳು ಮೂರು, ಮೂರೂ ನಮ್ಮ ಕಡೆಯ ಕಾಲೇಜು ಲ್ಯಾಬುಗಳಲ್ಲಿ ದಿನವೂ ಆಗುವಂಥವು.

ಒಂದು, ಕಡ್ಡಿಯನ್ನು ಮರಳಿನಲ್ಲಿ ಬೇರು ಬರಿಸಿದ್ದರು. ಬೇರುರೋಮಕ್ಕೆ ಕಚ್ಚಿಕೊಂಡ ಮರಳಿನ ಕಣ ಎಷ್ಟು ತೊಳೆದರೂ ಹೋಗದು. ಹೆಬ್ಬೆರಳಿನಿಂದ ಒತ್ತಿದೊಡನೆ ಕವರ್ ಗ್ಲಾಸ್ ಚಟ್ಟೆಂದು ಒಡೆಯುತ್ತದೆ. ಎರಡು, ವರ್ಣತಂತುಗಳನ್ನು ಬಿಡಿಬಿಡಿಯಾಗಿಸುವ ಪೂರ್ವೋಪಚಾರಕ್ಕೆ ಪ್ಯಾರಾ ಡೈಕ್ಲೋರೋಬೆಂಜೀನ್ ಬಳಸಿದ್ದರು. ಪುಸ್ತಕದಲ್ಲಿರುವ ಮೂರು-ನಾಲ್ಕು ಗಂಟೆಯ ಲೆಕ್ಕ 14-18 ಡಿಗ್ರಿ ತಂಪಿಗೆ. ದಾವಣಗೆರೆಯ ಮಾರ್ಚ್ ಮಧ್ಯಾಹ್ನ ಮೇಜಿನ ಮೇಲಿಟ್ಟ ಬಾಟಲಿಯಲ್ಲಿ ಅದು ನಡೆಯದು. ತಂತುಗಳೆಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಉಂಡೆಯಂತಾಗಿದ್ದವು. ಮೂರು, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣವನ್ನು ಹಿಂದಿನ ಸಂಜೆಯೇ ಕಲಸಿಟ್ಟಿದ್ದರು. ಇಟ್ಟಷ್ಟೂ ಅವೆರಡೂ ಒಂದರೊಡನೊಂದು ವರ್ತಿಸಿ ಬೇರೆಯೇ ವಸ್ತುವಾಗುತ್ತವೆ, ಕೋಶವನ್ನು ಇದ್ದಂತೆ ಹಿಡಿದಿಡುವ ಗುಣ ಕುಗ್ಗುತ್ತದೆ.

ಎರಡನೇ ಸುತ್ತಿಗೆ ಕ್ರಮ ಬದಲಾಯಿತು. ಒಂದೊಂದು ಕಡ್ಡಿಯನ್ನು ತೊಳೆದ ತೆಂಗಿನ ನಾರಿನ ಪುಡಿ ತುಂಬಿದ ಕಾಗದದ ಲೋಟದಲ್ಲಿ ನೆಟ್ಟು, ನಂಬರನ್ನು ಲೋಟದ ಮೇಲೂ ಕಡ್ಡಿಗೆ ಕಟ್ಟಿದ ಚೀಟಿಯ ಮೇಲೂ ಬರೆದರು. ಎಂಟು-ಹತ್ತು ದಿನಕ್ಕೆ ಬಿಳಿ ಬೇರು ಇಣುಕಿದವು. ಒಂದರಿಂದ ಒಂದೂವರೆ ಸೆಂ.ಮೀ. ಉದ್ದದ, ತುದಿ ತುಸು ಹಳದಿ ಕೆನೆಬಣ್ಣದ ಬೇರು ಮಾತ್ರ ಬೇಕು. ಕಂದು ತಿರುಗಿದ್ದು, ಗಾಳಿಗೆ ಒಣಗಿದ್ದು ಬೇಡ, ಅದರಲ್ಲಿ ಕೋಶ ವಿಭಜನೆ ನಿಂತಿರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಕತ್ತರಿಸಿ ಪುಟ್ಟ ಸೀಸೆಗಳಿಗೆ ಹಾಕಿ, ಜ್ಯೂಸ್ ಅಂಗಡಿಯಿಂದ ತಂದ ಐಸ್ ತುಂಬಿದ ಚಹಾದ ಥರ್ಮಾಸ್ ಫ್ಲಾಸ್ಕಿನಲ್ಲಿ 24 ಗಂಟೆ ಇಟ್ಟರು. ಹುಲ್ಲುಜಾತಿಯ ಬೇರಿಗೆ ಮಂಜುನೀರಿನಷ್ಟು ನಂಬಿಕೆಯ, ಅಗ್ಗದ ಪೂರ್ವೋಪಚಾರ ಇನ್ನೊಂದಿಲ್ಲ. ರಾತ್ರಿ ಒಮ್ಮೆ ಐಸ್ ಬದಲಿಸಬೇಕು ಅಷ್ಟೆ. ಆಮೇಲೆ ಅದೇ ಗಳಿಗೆಯಲ್ಲಿ ಕಲಸಿದ 3 ಪಾಲು ಆಲ್ಕೋಹಾಲ್, 1 ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲದಲ್ಲಿ ಒಂದು ದಿನ, ಬಳಿಕ ಶೇ. 70ರ ಆಲ್ಕೋಹಾಲಿನಲ್ಲಿ ಫ್ರಿಜ್ಜಿಗೆ.

ನೋಡುವ ದಿನ ಬೇರನ್ನು ತೊಳೆದು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ 8-10 ನಿಮಿಷ. ಸಾಂದ್ರ ಆಮ್ಲ ಸುಮಾರು 8.5 ಮಿ.ಲೀ. ತೆಗೆದು ಒಟ್ಟು 100 ಮಿ.ಲೀ. ಮಾಡಿದರೆ ಅದು ಸಿಗುತ್ತದೆ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಐದು ನಿಮಿಷಕ್ಕೇ ತೆಗೆದರೆ ಕೋಶಗಳು ಬಿಡಿಸಿಕೊಳ್ಳವು, ಹದಿನೈದು ಬಿಟ್ಟರೆ ಬಣ್ಣ ಹತ್ತದು. ಫ್ಯೂಲ್ಜೆನ್ ಬಣ್ಣದಲ್ಲಿ ಕತ್ತಲೆಯಲ್ಲಿ ಒಂದು ಗಂಟೆ. ತುದಿಯ ಒಂದು ಮಿ.ಮೀ. ಕಡು ನೇರಳೆಗೆ ತಿರುಗುತ್ತದೆ. ಅಷ್ಟನ್ನೇ ಬ್ಲೇಡಿನಿಂದ ಕತ್ತರಿಸಿ ಶೇ. 45ರ ಅಸಿಟಿಕ್ ಆಮ್ಲದ ಹನಿಯಲ್ಲಿಟ್ಟು, ಕವರ್ ಗ್ಲಾಸಿನ ಮೇಲೆ ಬೆಂಕಿಕಡ್ಡಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಫಿಲ್ಟರ್ ಪೇಪರ್ ಮಡಚಿ ಮೇಲಿಟ್ಟು ಅಲುಗಿಸದೆ ನೇರ ಒತ್ತುವುದು. ಪಕ್ಕಕ್ಕೆ ಜಾರಿತೋ, ಕೋಶ ಒಡೆದು ಒಂದೆರಡು ತಂತು ಆಚೆ ಹೋಗುತ್ತವೆ. 19, 20 ಎಂಬ ಎಣಿಕೆ ಬರುವುದು ಹೀಗೇ. ಒಂದರ ಮೇಲೊಂದು ಬಿದ್ದರೂ ಕಡಿಮೆ ಬರುತ್ತದೆ. ಆದ್ದರಿಂದ ಬುಡಕ್ಕೆ ಕನಿಷ್ಠ ಐದು ಒಳ್ಳೆಯ ಕೋಶ ಎಣಿಸಿ, ಫೋಟೋ ತೆಗೆದು, ಮತ್ತೆ ಮತ್ತೆ ಬರುವ ಸಂಖ್ಯೆಯನ್ನು ಮಾತ್ರ ಒಪ್ಪಿದರು.

ಒಳ್ಳೆಯ ಸ್ಲೈಡಿನಲ್ಲಿ ಎಣಿಸುವ ಮೊದಲೇ ಒಂದು ಗುರುತು ಸಿಗುತ್ತದೆ. ಸಜ್ಜೆಯ ವರ್ಣತಂತು ನೇಪಿಯರಿನದಕ್ಕಿಂತ ದೊಡ್ಡದು. ಹೈಬ್ರಿಡ್ ಕೋಶದಲ್ಲಿ ಏಳು ದಪ್ಪ ಕಡ್ಡಿ, ಹದಿನಾಲ್ಕು ಸಣ್ಣ ಕಡ್ಡಿ ಬೆರೆತು ಬಿದ್ದಿರುತ್ತವೆ. ನೇಪಿಯರಿನ ಕೋಶದಲ್ಲಿ ಈ ವ್ಯತ್ಯಾಸ ಕಾಣದು, 28ರ ಗಾತ್ರವೂ ಹೆಚ್ಚುಕಡಿಮೆ ಒಂದೇ.

ತಿರುವು

ನಯವಾದ 12 ಬುಡಗಳೂ 21. ಒರಟು 12ರಲ್ಲಿ ಎಂಟು 28, ಅಂದರೆ ಅಪ್ಪಟ ನೇಪಿಯರ್. ಉಳಿದ ನಾಲ್ಕು 21. ಅದರಲ್ಲೊಂದು ನಂಬರ್ 19.

ನೇಪಿಯರ್ ಬೆರಕೆಯಾಗಿದೆ ಎಂದು ಸಾಬೀತಾಯಿತು, ಕಾರ್ಯದರ್ಶಿ ಗೆದ್ದರು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಒರಟಾದ 21ನ್ನು ಏನೆನ್ನುವುದು? ಅವು ಹೈಬ್ರಿಡ್ ಹೌದು, ತಾವು ಕೊಂಡ ಹೈಬ್ರಿಡ್ ಅಲ್ಲ. ಎಣಿಕೆ ಜಾತಿಯನ್ನು ಹೇಳುತ್ತದೆ, ತಳಿಯನ್ನು ಹೇಳುವುದಿಲ್ಲ. ಕೊಯಮತ್ತೂರಿನ ಸಿಒ-3, ಸಿಒ-4, ಲೂಧಿಯಾನದ ಎನ್‌ಬಿ-21, ಧಾರವಾಡದಿಂದ ಬಂದ ಡಿಎಚ್‌ಎನ್-6 ಎಲ್ಲವೂ 21ರ ಗಿಡಗಳೇ. ಎನ್‌ಬಿ-21ರ ಹೆಸರಿನಲ್ಲಿರುವ ಸಂಖ್ಯೆ ನೋಡಿ ಅದೊಂದಕ್ಕೇ 21 ಎಂದುಕೊಂಡವರೂ ಇದ್ದರು.

ಹುಲ್ಲುಹಾಸಿನ ಕಡೆಯೂ ಇದೇ ಕಥೆ, ಅಲ್ಲಿ ಇನ್ನೂ ಹಳೆಯದು. ಗಣಪತಿಗೆ ಏರಿಸುವ ನಮ್ಮ ಗರಿಕೆಯ ಸಾಮಾನ್ಯ ರೂಪದಲ್ಲಿ 36 ವರ್ಣತಂತು, ಆಫ್ರಿಕಾದ ಸಣ್ಣೆಲೆಯ ಗರಿಕೆಯಲ್ಲಿ 18. ಎರಡನ್ನೂ ಕೂಡಿಸಿದ 27ರ ಬಂಜೆ ಹೈಬ್ರಿಡ್‌ಗಳೇ ಟಿಫ್‌ಗ್ರೀನ್, ಟಿಫ್‌ವೇ. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಜಿ. ಡಬ್ಲ್ಯೂ. ಬರ್ಟನ್ ಅವುಗಳನ್ನು 1956 ಮತ್ತು 1960ರಲ್ಲಿ ಹೊರತಂದರು. ಲಾನಿಗೆ ಊರ ಗರಿಕೆ ನುಗ್ಗಿದರೆ 36 ಎಂದು ಹಿಡಿಯಬಹುದು. ಆದರೆ ಹೈಬ್ರಿಡ್‌ನ ಒಳಗೇ ಹುಟ್ಟಿದ ಬೇರೆ ರೂಪವೂ 27, ಬೇರೆ ನರ್ಸರಿಯ ಇನ್ನೊಂದು ಹೈಬ್ರಿಡ್ಡೂ 27.

ಡಿಎನ್‌ಎ ಪರೀಕ್ಷೆಗೆ ಕಳಿಸುವ ಮಾತು ಬಂತು. ಅದು ತಳಿ ಹೇಳಬಲ್ಲದು, ಆದರೆ ಹೋಲಿಸಲು ಹೆಸರು ಖಚಿತವಿರುವ ಮಾದರಿ ಇದ್ದರೆ ಮಾತ್ರ. ಮಾದರಿ ತರುವುದೇ ಆದರೆ ಅದನ್ನು ಪಕ್ಕದಲ್ಲೇ ನೆಟ್ಟು ಕಣ್ಣಿನಿಂದಲೇ ಹೋಲಿಸಬಹುದಲ್ಲ ಎಂಬುದು ಸಂಘದ ಲೆಕ್ಕ. ಸಂಶೋಧನಾ ಕೇಂದ್ರಗಳಿಂದ ಮೂರು ತಳಿಯ ಹತ್ತು ಹತ್ತು ಕಡ್ಡಿ ತಂದು, ನಯವಾದ 21, ಒರಟು 21, ನೇಪಿಯರ್ ಎಲ್ಲವನ್ನೂ ಒಂದೇ ದಿನ, ಒಂದೇ ಗೊಬ್ಬರದಲ್ಲಿ ನೆಟ್ಟರು. 60ನೇ ದಿನ ಮೇಲಿನಿಂದ ನಾಲ್ಕನೇ ಎಲೆಯ ಉದ್ದ-ಅಗಲ, ಎಲೆ ಕಾಂಡಕ್ಕೆ ಸೇರುವಲ್ಲಿನ ರೋಮ, ಗಿಣ್ಣಿನ ಬಣ್ಣ, ಬುಡದ ತೆಂಡೆಗಳ ಸಂಖ್ಯೆ ಬರೆದುಕೊಂಡರು. ನಯವಾದವು ತಂದ ಮೂರರಲ್ಲಿ ಒಂದಕ್ಕೆ ಎಲ್ಲ ಗುರುತಿನಲ್ಲೂ ಹೊಂದಿದವು, ಬಿಲ್ಲಿನಲ್ಲಿದ್ದ ಹೆಸರೂ ಅದೇ. ನಾಲ್ಕು ಒರಟು ಹೈಬ್ರಿಡ್‌ಗಳು ತಮ್ಮತಮ್ಮಲ್ಲಿ ಒಂದೇ, ಆದರೆ ಮೂರಕ್ಕೂ ಹೊಂದಲಿಲ್ಲ. ಪುಸ್ತಕದಲ್ಲಿ ಅವುಗಳಿಗೆ "ಅನಾಮಿಕ" ಎಂದೇ ಬರೆದರು. ಊಹೆಯಿಂದ ಹೆಸರಿಡದಿದ್ದದ್ದು ಸರಿ.

ಬೆರಕೆ ಬೆಳೆದದ್ದು ಹೇಗೆ

ಮೊದಲ ವರ್ಷ ಕಣ್ಣಿಗೆ ಬೀಳದಷ್ಟಿದ್ದ ನೇಪಿಯರ್ ಮೂರನೇ ವರ್ಷಕ್ಕೆ ತೇಪೆ ತೇಪೆಯಾದದ್ದಕ್ಕೆ ಬೀಜ ಉದುರಿ ಹಬ್ಬಿದೆ ಎಂದು ಎಲ್ಲರೂ ಹೇಳಿದರು. ಏರಿಯ ಮೇಲಿನ ಏಳು ಗಿಡಗಳನ್ನು ಬುಡಸಮೇತ ಅಗೆದು ನೋಡಿದಾಗ ನಾಲ್ಕರ ಬುಡದಲ್ಲಿ ಹಳೆಯ ಕಡ್ಡಿಯ ತುಂಡಿತ್ತು. ಎಸೆದ ಕಡ್ಡಿ ಬೇರೂರಿದ್ದದು. ಮೂರು ಮಾತ್ರ ನಿಜವಾಗಿ ಬೀಜದಿಂದ ಎದ್ದವು. ಏಳೂ 28.

ತಾಕಿನೊಳಗೆ ಹೆಚ್ಚಿಸಿದ್ದು ಮನುಷ್ಯರ ಕೈ. ಕಡ್ಡಿ ಕೊಯ್ಯುವ ದಿನ ನೋಡಿದರೆ ಇದು ತಾನೇ ಕಾಣುತ್ತದೆ. ಆಳು ಕುಡುಗೋಲಿನಿಂದ ಕಾಂಡ ಕೊಯ್ದು, ಸೋಗೆ ಸುಲಿದು, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸುತ್ತಾಳೆ. ಮೆದುವಾದದ್ದು ಲಟಕ್ಕನೆ ಮುರಿಯುತ್ತದೆ, ಅದು ಮೇವಿನ ಗುಡ್ಡೆಗೆ. ಮುರಿಯದ ಗಟ್ಟಿ ಕಡ್ಡಿ ಐವತ್ತರ ಕಟ್ಟಿಗೆ. ಚಳ್ಳಕೆರೆಗೆ ಬಸ್ಸಿನ ಮೇಲೆ ಹೋಗಬೇಕಾದ ಕಟ್ಟಿಗಂತೂ ಇನ್ನೂ ಗಟ್ಟಿಯದೇ. ಹೈಬ್ರಿಡ್‌ನ ಕಾಂಡ ಮೆದು, ಅದಕ್ಕೇ ದನ ಅದನ್ನು ತಿನ್ನುವುದು. ನೇಪಿಯರಿನದು ಗಟ್ಟಿ. ಹೀಗೆ ಒಳ್ಳೆಯ ಕಡ್ಡಿ ಆರಿಸಿದ ಪ್ರತಿ ಸಲವೂ ಕೆಟ್ಟ ಹುಲ್ಲನ್ನೇ ಆರಿಸಿದಂತಾಯಿತು. ಸತ್ತ ಬುಡದ ಜಾಗ ತುಂಬಿದ್ದೂ ಅದೇ ಕಟ್ಟಿನಿಂದ. ನರ್ಸರಿಯ ತಪ್ಪು ಬೆರಳೆಣಿಕೆಯ ಕಡ್ಡಿಯಷ್ಟು, ಉಳಿದದ್ದು ಎರಡು ವರ್ಷದ ಆಯ್ಕೆ.

ಮಾಡಿದ್ದು, ಆದದ್ದು

ಎರಡು ಎಕರೆ ಕೀಳುವ ಮಾತು ಅಲ್ಲಿಗೆ ಬಿತ್ತು. ಮುಂದಿನ ನವೆಂಬರಿನಲ್ಲಿ ಒಂದು ಸುತ್ತು ಕಟಾವು ಮಾಡದೆ ಬಿಟ್ಟು, ಮೊದಲು ತೆನೆ ಹಾಕಿದ ಬುಡಗಳಿಗೆ ಕೆಂಪು ಬಟ್ಟೆ ಕಟ್ಟಿ, ಅನುಮಾನ ಬಂದವಕ್ಕೆ ಪರಾಗ ನೋಡಿ, ತುಂಬಿದ ಪರಾಗದವನ್ನು ಗುದ್ದಲಿಯಿಂದ ಬೇರುಸಮೇತ ಎಬ್ಬಿಸಿದರು. ಕಿತ್ತದ್ದನ್ನು ಬದುವಿನ ಮೇಲೆ ಗುಡ್ಡೆ ಹಾಕಿದ್ದು ತಪ್ಪಾಯಿತು; ಒಂದು ಅಕಾಲಿಕ ಮಳೆಗೆ ಗುಡ್ಡೆಯ ತಳದ ಗಿಣ್ಣುಗಳೆಲ್ಲ ಚಿಗುರಿದವು. ಆಮೇಲೆ ಕಾಂಡವನ್ನು ಚಾಫ್ ಕಟರಿಗೆ ಕೊಟ್ಟು, ಬುಡವನ್ನು ಸಿಮೆಂಟಿನ ಕಣದ ಮೇಲೆ ಮಣ್ಣು ಕೊಡವಿ ಒಣಗಿಸಿದರು.

ಅನಾಮಿಕವನ್ನು ಏನು ಮಾಡುವುದೆಂಬ ಚರ್ಚೆ ಬಿಸಿಯಾಗಿಯೇ ನಡೆಯಿತು. 45 ದಿನಕ್ಕೆ ಕೊಯ್ದು ಕತ್ತರಿಸಿ ಹಾಕಿದರೆ ದನ ಅದನ್ನು ಬಿಡದೆ ತಿಂದವು. ತೊಂದರೆ ಕೊಯ್ಯುವವರ ಕೈಗೆ. ಮೇವಿನ ತಾಕಿನಲ್ಲಿ ಇರಲಿ, ಕಡ್ಡಿ ಕೊಡುವ ತಾಕಿನಲ್ಲಿ ಬೇಡ ಎಂದಾಯಿತು.

ಕಡ್ಡಿಯ ತಾಕನ್ನು ಒಂದೇ ಬುಡದಿಂದ ಎಬ್ಬಿಸಿದ್ದು ಇಡೀ ಪ್ರಕರಣದಲ್ಲಿ ಬೇರೆಯವರು ಹಾಗೇ ಎತ್ತಿಕೊಳ್ಳಬಹುದಾದ ಕೆಲಸ. ಎಣಿಕೆಯಲ್ಲೂ ಹೋಲಿಕೆಯಲ್ಲೂ ಪಾಸಾದ ನಂಬರ್ 4ನ್ನು ಮೂರು ತಿಂಗಳು ಬೆಳೆಯಲು ಬಿಟ್ಟು 25 ಕಾಂಡದಿಂದ ನಾಲ್ಕು ನಾಲ್ಕು ತುಂಡಿನಂತೆ 100 ತುಂಡು ಮಾಡಿದರು. 30 ಚದರ ಮೀಟರ್, ಗುಂಟೆಯ ಮೂರನೇ ಒಂದು ಪಾಲೂ ಅಲ್ಲ. 80 ಬುಡ ಉಳಿದವು. ಮತ್ತೆ ಮೂರು ತಿಂಗಳಿಗೆ ಬುಡಕ್ಕೆ 60 ತುಂಡಿನಂತೆ 4,800. ಅದು 14 ಗುಂಟೆಗಾಯಿತು. ಮೂರನೇ ಸುತ್ತಿಗೆ ಊರಿಗೆಲ್ಲ ಹಂಚಿ ಮಿಗುವಷ್ಟು. ಕಡ್ಡಿ ಬಗ್ಗಿಸಿ ನೋಡುವ ರೂಢಿ ನಿಲ್ಲಿಸಿ, ಸಾಲಿನ ಒಂದು ತುದಿಯಿಂದ ಬಂದದ್ದನ್ನೆಲ್ಲ ಕೊಯ್ದು, ಮೆದು ತುದಿಯ ಮೂರನೇ ಒಂದು ಪಾಲು ಮಾತ್ರ ಬಿಸಾಡಬೇಕು ಎಂದು ನಿಯಮ ಮಾಡಿದರು.

ತಾವೇ ಕೂಡಿಸಿದ ಹುಲ್ಲು

ನೇಪಿಯರ್ ಕೈಯಲ್ಲಿದೆ, ಸಜ್ಜೆ ಹಿರಿಯೂರು-ಚಳ್ಳಕೆರೆ ಕಡೆ ಬೇಕಾದಷ್ಟಿದೆ, ಹೈಬ್ರಿಡ್ ನಾವೇ ಮಾಡಿದರೇನು ಎಂದು ಸಂಘದ ಇಬ್ಬರು ಹುಡುಗರು ಹೊರಟರು. ನೇಪಿಯರ್ ಹಗಲು ಕಿರಿದಾದ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ ತೆನೆ ಹಾಕುತ್ತದೆ. ಸಜ್ಜೆ ಬಿತ್ತಿದ 45-55 ದಿನಕ್ಕೆ. ಎರಡನ್ನೂ ಹೊಂದಿಸಲು ಸಜ್ಜೆಯನ್ನು ಸೆಪ್ಟೆಂಬರ್ 20ರಿಂದ ಹತ್ತು ಹತ್ತು ದಿನಕ್ಕೆ ಮೂರು ಸಲ ಬಿತ್ತಿದರು. ಮೂರನೆಯದು ಮಾತ್ರ ಸರಿಯಾಗಿ ಕೂಡಿಬಂತು.

ಸಜ್ಜೆಯಲ್ಲಿ ಹೆಣ್ಣುಭಾಗ ಗಂಡಿಗಿಂತ ಎರಡು-ಮೂರು ದಿನ ಮೊದಲು ಹೊರಬರುತ್ತದೆ, ಆದ್ದರಿಂದ ಪರಾಗಕೋಶ ಕೀಳುವ ಗೋಜಿಲ್ಲ. ತೆನೆ ಹೊಡೆಯಿಂದ ಅರ್ಧ ಹೊರಬಂದಾಗಲೇ ಬಟರ್ ಪೇಪರ್ ಚೀಲ ತೊಡಿಸಬೇಕು. ಪರಾಗ ಹಿಡಿಯುವ ಹೆಣ್ಣುಭಾಗದ ತುದಿಗಳಾದ ಬಿಳಿ ಶಲಾಕಾಗ್ರಗಳು ತೆನೆಯ ತುಂಬ ಹರಡಿದ ಬೆಳಿಗ್ಗೆ, ನೇಪಿಯರ್ ತೆನೆಯನ್ನು ಇನ್ನೊಂದು ಚೀಲದಲ್ಲಿ ಕೊಡವಿ ತೆಗೆದ ಪರಾಗವನ್ನು ಮೇಲೆ ಉದುರಿಸಿ ತಕ್ಷಣ ಮುಚ್ಚಿ, ಮರುದಿನ ಇನ್ನೊಮ್ಮೆ. ಎಡವಟ್ಟಾದದ್ದು ಎರಡು ಕಡೆ. ಕೆಲವು ತೆನೆಗಳಿಗೆ ಚೀಲ ತೊಡಿಸುವ ಹೊತ್ತಿಗೆ ತುದಿಯ ಶಲಾಕೆಗಳು ಆಗಲೇ ಹೊರಗಿದ್ದವು. ಇನ್ನು ಕೆಲವದರಲ್ಲಿ ಮೇಲ್ಭಾಗದ ಪರಾಗಕೋಶ ಬಿರಿದಾಗ ಕೆಳಭಾಗದ ಶಲಾಕೆಗಳು ಇನ್ನೂ ಹಸಿಯಾಗಿದ್ದು ತಮ್ಮ ಪರಾಗವನ್ನೇ ಹಿಡಿದವು. ತಳಿ ಅಭಿವೃದ್ಧಿಯವರು ಇದಕ್ಕೆಂದೇ ಗಂಡು ಬಂಜೆಯಾದ ಸಜ್ಜೆ ಬಳಸುತ್ತಾರೆ. ಟಿಫ್ಟನ್‌ನಿಂದಲೇ ಬಂದ ಟಿಫ್ಟ್ 23ಎ ಅಂಥದ್ದು; 1965ರಲ್ಲಿ ಹೊರಬಂದ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1ರ ತಾಯಿ ಅದೇ.

ಮೊಳೆತ 30 ಸಸಿಗಳ ಬೇರು ನೋಡಿದಾಗ 19 ಸಜ್ಜೆಯೇ, 14. ಹನ್ನೊಂದು 21. ಎರಡೆಲೆಯ ಸಸಿಯಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ಇರಲಿಲ್ಲ, ಇಲ್ಲಿ ಎಣಿಕೆಗೆ ಸಾಟಿಯಿಲ್ಲ. ಆದರೆ ಆ ಹನ್ನೊಂದನ್ನೂ ನೆಟ್ಟಾಗ ಹನ್ನೊಂದೂ ಬೇರೆ ಬೇರೆ: ಒಂದು ಅಗಲೆಲೆ, ಒಂದು ಸುಂಕು, ಒಂದು ಎರಡೇ ತೆಂಡೆ. ನೇಪಿಯರ್ ತಂದೆಯ ಒಳಗೇ ಅಷ್ಟು ವೈವಿಧ್ಯವಿದೆ, ಪ್ರತಿ ಪರಾಗಕಣವೂ ಬೇರೆ ಗಂಟು ಹೊತ್ತು ತರುತ್ತದೆ. ಎರಡು ಕಟಾವಿನ ನಂತರ ಮೂರನ್ನು ಉಳಿಸಿಕೊಂಡರು. ಅನಾಮಿಕವೂ ಎಲ್ಲೋ ಯಾರೋ ಹೀಗೆ ಉಳಿಸಿಕೊಂಡ ಒಂದು ಇದ್ದೀತು.

ವರ್ಣತಂತುಗಳನ್ನು ಇಮ್ಮಡಿಸುವ ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ 21ನ್ನು 42 ಮಾಡಿದರೆ ಬೀಜ ಕಟ್ಟುತ್ತದಂತಲ್ಲ, ಅದನ್ನೂ ನೋಡೋಣವೇ ಎಂದು ಹುಡುಗರು ಕೇಳಿದರು. ಕಟ್ಟುವುದು ನಿಜ. ಆದರೆ ಅದು ಕೈಗೆ ಬಾಯಿಗೆ ತಾಗಬಾರದ ವಿಷ. ಒಂದೇ ಬುಡದಲ್ಲಿ ಅರ್ಧ ಭಾಗ 42 ಆಗಿ ಅರ್ಧ 21 ಉಳಿಯುವುದು ಮಾಮೂಲು. ಬಂದ ಬೀಜದ ಸಸಿಗಳೂ ಒಂದೇ ತರಹ ಇರುವುದಿಲ್ಲ. ಹಿರಿಯ ರೈತರು ಹೇಳಿದ "ತಳಿ ಒಡೆಯುವುದು" ನಿಜವಾಗುವುದು ಆಗಲೇ. ಲ್ಯಾಬಿನವರು ಒಪ್ಪಲಿಲ್ಲ.

ನೇಪಿಯರಿನ ನಾಲ್ಕು ಬುಡಗಳನ್ನು ಪರಾಗಕ್ಕೆಂದು ಪಂಪ್‌ಸೆಟ್ ಮನೆಯ ಹಿಂದೆ, ಕಡ್ಡಿಯ ತಾಕಿನಿಂದ ಆದಷ್ಟು ದೂರ, ತಂತಿ ಸುತ್ತಿ ಉಳಿಸಿದ್ದಾರೆ. ಬೇಕಾದಷ್ಟು ಪರಾಗ ತೆಗೆದ ದಿನವೇ ಉಳಿದ ತೆನೆಗಳನ್ನು ಕೊಯ್ದು ಚಾಫ್ ಕಟರಿಗೆ ಹಾಕುವುದು ಆ ಇಬ್ಬರು ಹುಡುಗರ ಜವಾಬ್ದಾರಿ ಎಂದು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದಾರೆ.